ಹಲ್ಲು ಬೇಡದ ರೋಲು

ನಮ್ಮ ಬೀದಿಯಲ್ಲಿ ಇವರನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಪೇಪರ್ ಹಾಕುವವನಿಂದ ಹಿಡಿದು ಮೇಲಿನ ಮನೆಯ ಮಗುವಿನವರೆಗೆ ಎಲ್ಲರಿಗೂ ಇವರು ಹಲ್ಲಣ್ಣ. ನಾನು ಹಲ್ಲಣ್ಣನ ಹೆಂಡತಿ. ಮದುವೆಯಾದ ಹೊಸತರಲ್ಲಿ ಇದನ್ನು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಡಾಕ್ಟರ ಹೆಂಡತಿ ಅನ್ನಿಸಿಕೊಳ್ಳುವ ಯೋಗವಂತೂ ಇಲ್ಲ, ಕೊನೇಪಕ್ಷ ಮನುಷ್ಯರ ಹೆಸರಿನಿಂದಾದರೂ ಕರೆಯಬಾರದೇ ಎನ್ನಿಸುತ್ತಿತ್ತು. ಈಗ ರೂಢಿಯಾಗಿದೆ. ಯಾರಾದರೂ ಇವರ ನಿಜವಾದ ಹೆಸರು ಹೇಳಿಕೊಂಡು ಬಾಗಿಲು ತಟ್ಟಿದರೇ ಎದೆ ಧಸಕ್ಕೆನ್ನುತ್ತದೆ.

ಇವರ ಕಸುಬು ಹಲ್ಲು ಕಟ್ಟುವುದು. ಹಲ್ಲು ಕೀಳುವುದು, ಸೂಜಿ ಚುಚ್ಚುವುದು, ಗೋಡೆಯ ಮೇಲೆ ಸರ್ಟಿಫಿಕೇಟು ತೂಗುಹಾಕುವುದು ಎಲ್ಲ ಡಾಕ್ಟರ ಪಾಲಿನದು. ಅವರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಆ ಅಚ್ಚಿನ ಮೇಲೆ ಹಲ್ಲುಗಳನ್ನು ಒಂದೊಂದಾಗಿ ಕೂಡಿಸಿ, ಪೂರ್ತಿ ಸೆಟ್ಟು ಮಾಡಿ ವಾಪಸು ಕೊಡುವವರು ಇವರು. ಹಾಕಿಕೊಂಡವರು ಇವರ ಮುಖ ಕಂಡಿರುವುದಿಲ್ಲ, ಇವರು ಅವರ ಮುಖ ಕಂಡಿರುವುದಿಲ್ಲ. ಆದರೂ ಬಸ್ಸಿನಲ್ಲಿ ಎದುರಿಗೆ ಕೂತ ಹಿರಿಯರು ಯಾರಾದರೂ ಆಕಳಿಸಿದರೆ ಸಾಕು, ಇವರು ಮೊಣಕೈಯಲ್ಲಿ ನನ್ನನ್ನು ತಿವಿದು, "ನಮ್ಮದೇ" ಎನ್ನುತ್ತಾರೆ. ಆಗ ಇವರ ಮುಖ ನೋಡಬೇಕು. ಹೆತ್ತ ಮಗುವನ್ನು ಸಂತೆಯಲ್ಲಿ ಕಂಡವರಂತೆ ಇರುತ್ತದೆ.

ಮನೆಯ ಹಿಂದಿನ ಕೋಣೆಯೇ ಇವರ ಕೆಲಸದ ಜಾಗ. ಅಲ್ಲಿ ಏನು ಮುಟ್ಟಿದರೂ ಕೈಗೆ ಬಿಳಿ ಪುಡಿ ಹತ್ತುತ್ತದೆ. ಕಪಾಟಿನ ತುಂಬ ಪ್ಲಾಸ್ಟರಿನ ದವಡೆಗಳು ಬಾಯಿ ತೆರೆದುಕೊಂಡು ಕೂತಿರುತ್ತವೆ. ಡಾಕ್ಟರು ಅಚ್ಚಿನ ಜೊತೆಗೆ ರೋಗಿಯ ಬಾಯಲ್ಲಿಟ್ಟು ಕಚ್ಚಿಸಿದ ಮೇಣದ ತುಂಡನ್ನೂ ಕಳಿಸುತ್ತಾರೆ. ಇವರು ಅದನ್ನು ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡುತ್ತಾರೆ. "ಈ ಮನುಷ್ಯ ಬರೀ ಎಡಗಡೆ ಅಗಿಯೋನು" ಎನ್ನುತ್ತಾರೆ. "ಈಯಮ್ಮ ಭಯಕ್ಕೆ ಅರ್ಧ ಕಚ್ಚಿ ಬಿಟ್ಟಿದ್ದಾರೆ" ಎನ್ನುತ್ತಾರೆ. ಕಚ್ಚಿದ ಗುರುತು ಸುಳ್ಳು ಹೇಳುವುದಿಲ್ಲ ಎಂಬುದು ಇವರ ನಂಬಿಕೆ. ನನ್ನ ಮುಖ ನೋಡಿ ನನಗೆ ಕೋಪ ಬಂದಿದೆಯೋ ಹಸಿವಾಗಿದೆಯೋ ಹೇಳಲು ಬಾರದ ಗಂಡಸು, ಮೇಣ ನೋಡಿ ಊರವರ ಜಾತಕ ಹೇಳುತ್ತಾರೆ.

ಒಸಡಿನ ಭಾಗಕ್ಕೆ ಗುಲಾಬಿ ಬಣ್ಣದ ಪುಡಿ ಬರುತ್ತದೆ. ಅದಕ್ಕೊಂದು ದ್ರವ ಬೆರೆಸಿ, ಕೈಗೆ ಅಂಟದ ಹಿಟ್ಟಿನ ಹದಕ್ಕೆ ತಂದು, ಕಬ್ಬಿಣದ ಅಚ್ಚಿನ ಡಬ್ಬಿಗೆ ತುಂಬಿ, ಬಿಗಿದು, ನೀರಿನಲ್ಲಿ ಸಣ್ಣ ಉರಿಗೆ ಬೇಯಿಸುತ್ತಾರೆ. ಅಲ್ಲಿ ಎರಡು ಕಟ್ಟಳೆ. ಹಿಟ್ಟಿನಲ್ಲಿ ಒಂದು ಗುಳ್ಳೆಯೂ ಉಳಿಯಬಾರದು, ಉಳಿದರೆ ಸೆಟ್ಟು ಟೊಳ್ಳಾಗುತ್ತದೆ. ಬೆಂದದ್ದನ್ನು ಬಿಸಿಯಲ್ಲಿ ಬಿಚ್ಚಬಾರದು, ಬಿಚ್ಚಿದರೆ ಸೊಟ್ಟಗಾಗುತ್ತದೆ. ಕೆಲಸ ಕಲಿಸಿದ ಯಜಮಾನರು ಈ ಎರಡು ಮಾತನ್ನು ತಲೆಗೆ ಮೊಟಕಿ ಮೊಟಕಿ ಹೇಳಿಕೊಟ್ಟರಂತೆ. ಇವರು ಬೇರೆ ಏನು ಮರೆತರೂ ಅದನ್ನು ಮರೆತವರಲ್ಲ. ನಮ್ಮ ಮದುವೆಯಾದ ತಾರೀಖನ್ನು ಮರೆಯುತ್ತಾರೆ, ಅದು ಬೇರೆ ಮಾತು.

ಇನ್ನು ಮಾವನ ವಿಚಾರ ಹೇಳಬೇಕು. ಅದನ್ನು ಹೇಳದೆ ರೋಲಿನ ಕತೆ ಮುಂದೆ ಸಾಗುವುದಿಲ್ಲ.

ಮಾವ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ಜೀವಮಾನದಲ್ಲಿ ಒಂದು ಪೀಪಿ ಕೊಂಡವರಲ್ಲ. ಎದುರಿನ ಎರಡು ಹಲ್ಲುಗಳ ನಡುವೆ ಕಾಳುಮೆಣಸು ಹಿಡಿಸುವಷ್ಟು ಸಂದಿ. ಅದರೊಳಗಿಂದ ಗಾಳಿ ಬಿಟ್ಟರೆಂದರೆ ಮೈದಾನದ ಆ ತುದಿಯಲ್ಲಿ ಓಡುತ್ತಿದ್ದ ಮಕ್ಕಳೂ ನಿಂತಲ್ಲೇ ನಿಲ್ಲಬೇಕು. ಮನೆಯಲ್ಲಿಯೂ ಅದೇ ಆಡಳಿತ. ಒಂದು ಸಿಳ್ಳೆ ಹಾಕಿದರೆ ಕಾಫಿ, ಎರಡು ಹಾಕಿದರೆ ಕನ್ನಡಕ ಸಿಗುತ್ತಿಲ್ಲ ಎಂದು ಅರ್ಥ. ಅತ್ತೆ ಒಳಗಿನಿಂದ "ಬಂದೆ, ಬಂದೆ, ನಾನೇನು ಏಳನೇ ಕ್ಲಾಸಿನ ಹುಡುಗಿ ಅಲ್ಲ" ಎಂದು ಗೊಣಗುತ್ತಲೇ ಬರುತ್ತಿದ್ದರು. ಬರದೆ ಇದ್ದದ್ದನ್ನು ನಾನು ಕಂಡಿಲ್ಲ.

ವಯಸ್ಸಾಗಿ ಮಾವನ ಹಲ್ಲೆಲ್ಲ ಹೋದ ಮೇಲೆ ಇವರು ತಾವೇ ಕೂತು ಸೆಟ್ಟು ಮಾಡಿದರು. ಅಪ್ಪನ ಬಾಯಿ ಎಂದು ಜೀವ ತೇಯ್ದು ಮಾಡಿದ್ದರು. ಮುತ್ತಿನ ಸಾಲಿನಂತೆ ಬಂದಿತ್ತು. ಮಾವ ಕನ್ನಡಿ ನೋಡಿಕೊಂಡು ಕೆಂಡವಾದರು.

"ಇದು ಯಾರ ಬಾಯೋ? ನನ್ನ ಸಂದಿ ಎಲ್ಲಿ?"

"ಅಪ್ಪಾ, ಸಂದಿ ಇಟ್ಟರೆ ಜನ ನನ್ನ ಕೆಲಸ ನೋಡಿ ನಗ್ತಾರೆ."

"ನಗಲಿ. ಬಾಯಿ ನಂದು. ನಿನ್ನ ಹೆಸರೇನು ಅದರ ಮೇಲೆ ಕೆತ್ತಿಲ್ವಲ್ಲ."

ಅಪ್ಪ ಮಗ ಮಾತು ಬಿಟ್ಟರು. ಮಧ್ಯದಲ್ಲಿ ನಾನೂ ಅತ್ತೆಯೂ ಇಬ್ಬರನ್ನೂ ಬೇರೆ ಬೇರೆಯಾಗಿ ಊಟಕ್ಕೆ ಕರೆದು ಸುಸ್ತಾದೆವು. ಕಡೆಗೆ ಇವರೇ ಸೋತು, ಹೊಸದಾಗಿ ಇನ್ನೊಂದು ಸೆಟ್ಟು ಕಟ್ಟಿ, ನಡುವೆ ಅಳೆದು ಸಂದಿ ಬಿಟ್ಟುಕೊಟ್ಟರು. ಮೊದಮೊದಲು ಸಿಳ್ಳೆ ಬರಲಿಲ್ಲ, ಬರೀ ಪುಸ್ಸೆಂದು ಗಾಳಿ ಹೋಗುತ್ತಿತ್ತು. ಮಾವ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದರು. ಒಂದು ಬೆಳಿಗ್ಗೆ ಹಳೆಯ ಸಿಳ್ಳೆ ಕೇಳಿಸಿತು ನೋಡಿ, ಅತ್ತೆ ಗೊಣಗುವುದನ್ನೂ ಮರೆತು ಕಾಫಿ ತಂದರು. ಆಮೇಲೆ ಅತ್ತೆಯ ಹಲ್ಲು ಹೋದಾಗ ಅವರಿಗೂ ಇವರೇ ಸೆಟ್ಟು ಮಾಡಿದರು. ಅತ್ತೆಯದು ಜೋಳದ ತೆನೆಯ ಹಾಗೆ ಸಣ್ಣಗೆ, ಒತ್ತಾಗಿ, ಸಂದಿಯಿಲ್ಲದ್ದು.

ಮಾವನಿಗೆ ಒಂದು ಬಿಗುಮಾನವಿತ್ತು. ಹಲ್ಲಿಲ್ಲದ ಬಾಯನ್ನು ಯಾರಿಗೂ ತೋರಿಸುತ್ತಿರಲಿಲ್ಲ. ಜೊತೆಗೇ ಬಾಳಿ ಮುದುಕಿಯಾದ ಹೆಂಡತಿಗೂ ತೋರಿಸಿದವರಲ್ಲ. ದೀಪ ಆರಿದ ಮೇಲೆ ತೆಗೆದು ಲೋಟಕ್ಕೆ ಹಾಕುವುದು, ಬೆಳಕು ಹರಿಯುವ ಮೊದಲು ಹಾಕಿಕೊಳ್ಳುವುದು. "ನಿಮ್ಮ ಬೊಚ್ಚು ಬಾಯಿ ನೋಡಿದ್ರೆ ನಾನೇನು ಓಡಿಹೋಗ್ತೀನಾ?" ಎಂದು ಅತ್ತೆ ರೇಗಿಸುತ್ತಿದ್ದರು. "ಯಾರಿಗೆ ಗೊತ್ತು" ಎನ್ನುತ್ತಿದ್ದರು ಮಾವ.

ಹೋದ ವರ್ಷದ ಕೊನೆಗೆ ಮಾವನಿಗೆ ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಮುಖಕ್ಕೆ ಆಮ್ಲಜನಕದ ಮಾಸ್ಕು ಹಾಕುವ ಮೊದಲು ನರ್ಸಮ್ಮ ಹಲ್ಲಿನ ಸೆಟ್ಟು ತೆಗೆದು, ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, "ಜೋಪಾನ" ಎಂದು ಇವರ ಕೈಗೆ ಕೊಟ್ಟಳು. ಇವರು ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. ಮಾವ ಮಾರನೆಯ ದಿನ ಹೋಗಿಬಿಟ್ಟರು.

ಮನೆಗೆ ತಂದು ನಡುಮನೆಯಲ್ಲಿ ಮಲಗಿಸಿದರು. ಅತ್ತೆ ಬಂದು ಮುಖ ನೋಡಿದರು. ತುಟಿಗಳು ಒಳಗೆ ಹೋಗಿ, ಕೆನ್ನೆ ಕುಸಿದು, ಅದು ಮಾವನ ಮುಖದಂತೆಯೇ ಇರಲಿಲ್ಲ. ಅತ್ತೆ ಮಗನನ್ನು ಕೇಳಿದರು, "ಹಲ್ಲೆಲ್ಲಿ?"

"ಆಸ್ಪತ್ರೆಯಲ್ಲೇ ಉಳ್ಕೊಂಡಿರ್ಬೇಕಮ್ಮ" ಎಂದರು ಇವರು.

ಇವರು ಸುಳ್ಳು ಹೇಳಲಿಲ್ಲ. ಇವರಿಗೆ ನಿಜವಾಗಿಯೂ ನೆನಪಿರಲಿಲ್ಲ. ಡಬ್ಬಿ ಎದೆಯ ಮೇಲಿನ ಜೇಬಿನಲ್ಲೇ ಇತ್ತು. ಅದನ್ನು ಹೊತ್ತುಕೊಂಡೇ, ಬಂದವರಿಗೆಲ್ಲ ಕುರ್ಚಿ ಹಾಕಿದರು, ನೀರು ಕೊಟ್ಟರು, ಫೋನಿನಲ್ಲಿ ದಾರಿ ಹೇಳಿದರು. ಬೀದಿಯವರು ಬಂದರು, ಮೈದಾನದಲ್ಲಿ ಸಿಳ್ಳೆ ಕೇಳಿ ಬೆಳೆದ ಹಳೆಯ ವಿದ್ಯಾರ್ಥಿಗಳು ಸಾಲುಗಟ್ಟಿ ಬಂದರು. ಯಾರಿಗೂ ತೋರಿಸದ ಬಾಯನ್ನು ಎಲ್ಲರೂ ನೋಡಿದರು. ಅತ್ತೆ ಒಂದು ಕರವಸ್ತ್ರ ತಂದು ಮಾವನ ಬಾಯ ಮೇಲೆ ಹಾಕಿದರು. ಫ್ಯಾನಿನ ಗಾಳಿಗೆ ಅದು ಹಾರುತ್ತಿತ್ತು. ಹಾರಿದಾಗೆಲ್ಲ ಮತ್ತೆ ಎತ್ತಿ ಹಾಕಿದರು. ದೇಹ ಮನೆಯಿಂದ ಹೊರಡುವವರೆಗೆ ಅವರು ಮಾಡಿದ್ದು ಅದೊಂದೇ ಕೆಲಸ.

ನಾನು ಲಾಂಡ್ರಿ ಅಂಗಡಿಯ ಕೌಂಟರಿನಲ್ಲಿ ಕೂರುವವಳು. ಗಿರಾಕಿಗಳ ಬಟ್ಟೆ ಒಗೆಯಲು ಹಾಕುವ ಮೊದಲು ಜೇಬು ತಡಕುವುದೇ ನನ್ನ ಉದ್ಯೋಗ. ಎಲ್ಲ ಮುಗಿದ ಸಂಜೆ ಇವರ ಅಂಗಿಯನ್ನು ನೆನೆಹಾಕಲು ಎತ್ತಿಕೊಂಡಾಗ ಕೈ ತಾನಾಗಿ ಜೇಬಿಗೆ ಹೋಯಿತು. ಡಬ್ಬಿ ಸಿಕ್ಕಿತು. ಮುಚ್ಚಿಡಬಹುದಿತ್ತು. ಆದರೆ ಅಷ್ಟು ಬುದ್ಧಿ ಓಡುವ ಹೊತ್ತಲ್ಲ ಅದು. ತಂದು ಇವರ ಮುಂದೆ ಮೇಜಿನ ಮೇಲಿಟ್ಟೆ. ಪಕ್ಕದಲ್ಲೇ ಅತ್ತೆ ಕೂತಿದ್ದರು.

ಅತ್ತೆ ಡಬ್ಬಿ ನೋಡಿದರು. ಇವರನ್ನು ನೋಡಿದರು. ಎದ್ದು ತಮ್ಮ ಕೋಣೆಗೆ ಹೋದರು. ಹೋಗಿ ತಮ್ಮ ಬಾಯಿಂದ ಮೇಲಿನ, ಕೆಳಗಿನ ಎರಡೂ ಸೆಟ್ಟು ತೆಗೆದು ಕಿಟಕಿಯ ಕಟ್ಟೆಯ ಮೇಲಿನ ಬಟ್ಟಲಿಗೆ ಹಾಕಿದರು. "ಅವರು ಹೆಂಗೆ ಹೋದ್ರೋ ನಾನೂ ಹಂಗೇ ಹೋಗ್ತೀನಿ, ಬಿಡು" ಎಂದರು. ಅದು ಬೈಗುಳವೂ ಅಲ್ಲ, ಶಾಪವೂ ಅಲ್ಲ. ನಾಳೆ ಎಷ್ಟು ಹೊತ್ತಿಗೆ ಎಬ್ಬಿಸಬೇಕು ಎಂದು ಹೇಳುವಷ್ಟು ಸಾದಾ ದನಿ. ಆ ದಿನದಿಂದ ಅವರು ಹಲ್ಲು ಹಾಕಿಕೊಳ್ಳಲಿಲ್ಲ.

ನಮ್ಮ ಮನೆಯಲ್ಲಿ ಯಾರೂ ಅಳಲಿಲ್ಲ. ಇದನ್ನು ನಾನು ಹೆಮ್ಮೆಯಿಂದ ಹೇಳುತ್ತಿಲ್ಲ. ಅಳು ಬರುತ್ತದೆಂದು ಕಾದೆವು, ಬರಲಿಲ್ಲ, ಅಷ್ಟೇ. ಡಾಕ್ಟರು ಸೂಜಿ ಚುಚ್ಚಿದ ಮೇಲೆ ಕೆನ್ನೆ ಇರುತ್ತದಲ್ಲ, ಮುಟ್ಟಿದರೆ ಮುಟ್ಟಿದ್ದು ಗೊತ್ತಾಗುತ್ತದೆ, ಆದರೆ ನಮ್ಮದಲ್ಲ ಎನ್ನಿಸುತ್ತದೆ, ಮನೆಯೆಲ್ಲ ಹಾಗಾಗಿತ್ತು. ನಾನು ಲಾಂಡ್ರಿಗೆ ಹೋಗುತ್ತಿದ್ದೆ, ಜೇಬು ತಡಕುತ್ತಿದ್ದೆ, ಬರುತ್ತಿದ್ದೆ. ಇವರು ಹಿಂದಿನ ಕೋಣೆಯಲ್ಲಿ ಹಲ್ಲು ಕೂಡಿಸುತ್ತಿದ್ದರು. ಸಾಂಬಾರಿಗೆ ಉಪ್ಪು ಹಾಕದಿದ್ದರೂ ಯಾರೂ ಕೇಳಲಿಲ್ಲ. ಎರಡು ದಿನ ಹಾಗೆಯೇ ತಿಂದ ಮೇಲೆ ನನಗೇ ಗೊತ್ತಾಯಿತು.

ಅತ್ತೆ ಹಾಲಿನಲ್ಲಿ ನೆನೆಸಿದ ಬ್ರೆಡ್ಡು ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಅದನ್ನೂ ಅರ್ಧಕ್ಕೇ ಬಿಡುತ್ತಿದ್ದರು. ಶಾಲಿನ ಅಂಚನ್ನು ಬಾಯಿಗೆ ಹಿಡಿದುಕೊಂಡೇ ಇರುತ್ತಿದ್ದರು. ನನ್ನ ಜೊತೆಗೆ ನಾಲ್ಕು ಮಾತಾದರೂ ಆಡುತ್ತಿದ್ದರು. ಮಗ ಬಂದರೆ ಹೂಂ, ಊಹೂಂ ಎರಡೇ. ಇವರು ಒಂದೆರಡು ಸಲ, "ಒಸಡು ನೋಡ್ತೀನಮ್ಮ, ಬಾಯಿ ತೆಗಿ" ಎಂದು ಕೇಳಿದರು. ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದರು. ಬಳೆಗಳು ಮೊಣಕೈಯವರೆಗೆ ಜಾರತೊಡಗಿದವು. ಆಸ್ಪತ್ರೆಗೆ ಕರೆದೊಯ್ದರೆ ಡಾಕ್ಟರು ತೂಕ ನೋಡಿ ಮುಖ ಸಿಂಡರಿಸಿ, "ಹೀಗೇ ಆದ್ರೆ ಮೂಗಿನಿಂದ ನಳಿಗೆ ಹಾಕಿ ಆಹಾರ ಕೊಡಬೇಕಾಗುತ್ತೆ" ಎಂದರು.

ಇವರದೊಂದು ಗುಟ್ಟಿತ್ತು. ಗುಟ್ಟೆಂದು ಇವರು ಅಂದುಕೊಂಡಿದ್ದರು, ನನಗೆ ಗೊತ್ತಿತ್ತು. ಕೆಲಸದ ಕೋಣೆಯ ಕಪಾಟಿನ ಕೆಳಗಿನ ಖಾನೆಯಲ್ಲಿ, ಪ್ಲಾಸ್ಟರ್ ದವಡೆಗಳ ಹಿಂದೆ, ಮಾವನ ಹಲ್ಲು ಒಂದು ಗಾಜಿನ ಲೋಟದಲ್ಲಿ ನೀರಿನಲ್ಲಿ ಮುಳುಗಿ ಕೂತಿತ್ತು. ಸೆಟ್ಟು ಒಣಗಿದರೆ ಆಕಾರ ಕೆಡುತ್ತದೆ. ಇನ್ನು ಯಾರೂ ಹಾಕಿಕೊಳ್ಳದ ಹಲ್ಲು, ಆಕಾರ ಕೆಟ್ಟರೆಷ್ಟು ಬಿಟ್ಟರೆಷ್ಟು? ಆದರೂ ಇವರು ದಿನಾ ಬೆಳಿಗ್ಗೆ ಎದ್ದು, ಮುಖ ತೊಳೆಯುವ ಮೊದಲು, ಆ ಲೋಟದ ನೀರು ಬದಲಾಯಿಸುತ್ತಿದ್ದರು. ನನಗೆ ಒಮ್ಮೊಮ್ಮೆ ಅದನ್ನು ಎತ್ತಿ ಬಿಸಾಡಿಬಿಡೋಣ ಎನ್ನುವಷ್ಟು ಸಿಟ್ಟು ಬರುತ್ತಿತ್ತು. ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ.

ಹೀಗಿರುವಾಗ ಒಂದು ದಿನ ಊಟದ ಹೊತ್ತಿನಲ್ಲಿ ಇವರು ಫೋನು ತಂದು ನನ್ನ ಮೂಗಿನ ಮುಂದೆ ಹಿಡಿದರು. ಯಾರೋ ಹೆಂಗಸಿನ ಎರಡು ಕೈ ಮಾತ್ರ ಕಾಣುವ ವಿಡಿಯೊ. ಹಿಟ್ಟು ಲಟ್ಟಿಸಿ, ಬೆಣ್ಣೆ ಸಕ್ಕರೆ ಚಕ್ಕೆಪುಡಿ ಹರಡಿ, ಚಾಪೆಯಂತೆ ಸುತ್ತಿ, ತುಂಡು ಮಾಡಿ ಬೇಯಿಸುವ ಸಿಹಿ ರೋಲು. ಮೇಲೆ ಬಿಳಿ ಸಕ್ಕರೆಯ ಲೇಪ. ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ಬಾಯಲ್ಲಿಟ್ಟರೆ ಕರಗುತ್ತೆ, ಹಲ್ಲೇ ಬೇಡ!

"ಅಮ್ಮನಿಗೆ ಇದನ್ನ ಮಾಡ್ಲಾ?" ಎಂದರು.

ನಾನು ಇವರ ಮುಖ ನೋಡಿದೆ. ಕಾಫಿ ಬಿಸಿ ಮಾಡಿಕೊಳ್ಳಲು ಹೇಳಿದರೂ "ಪಾತ್ರೆ ಯಾವುದು" ಎಂದು ಕೇಳುವ ಮನುಷ್ಯ. ಅದಕ್ಕಿಂತ ಹೆಚ್ಚಾಗಿ, ಊರಿಗೆಲ್ಲ ಹಲ್ಲು ಕಟ್ಟಿಕೊಡುವವರು ಹಲ್ಲು ಬೇಡದ ತಿಂಡಿ ಹುಡುಕುತ್ತಿದ್ದಾರೆಂದರೆ ಸೋತರು ಎಂದೇ ಅರ್ಥ. ನನಗೆ ಕನಿಕರವಾಗಬೇಕಿತ್ತು. ಏನೂ ಆಗಲಿಲ್ಲ. "ಮಾಡಿ, ಅಡುಗೆಮನೆ ಎಲ್ಲೂ ಓಡಿಹೋಗಲ್ಲ" ಎಂದೆ.

ರಜೆಯ ದಿನ ಬೆಳಿಗ್ಗೆ ಇವರು ಅತ್ತೆಯ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದರು, "ಅಮ್ಮಾ, ಇವತ್ತು ಒಂದು ತಿಂಡಿ ಮಾಡ್ತೀನಿ. ಅದಕ್ಕೆ ಹಲ್ಲು ಬೇಡ. ಹಾಕ್ಕೋ ಅಂತ ಇನ್ನು ಮೇಲೆ ಕೇಳಲ್ಲ." ಅತ್ತೆ ಶಾಲಿನ ಮರೆಯಿಂದ ಹೂಂ ಎಂದರು.

ಆಮೇಲೆ ನಮ್ಮ ಅಡುಗೆಮನೆ ಹಲ್ಲಿನ ಕೋಣೆಯಾಯಿತು. ತಕ್ಕಡಿ ಬಂತು, ಪ್ಲಾಸ್ಟರ್ ಕಲಸುವ ರಬ್ಬರ್ ಬಟ್ಟಲು ಬರುವುದರಲ್ಲಿತ್ತು, ನಾನು ತಡೆದೆ. ಮೈದಾ, ಹಾಲು, ಯೀಸ್ಟು ಎಲ್ಲವನ್ನೂ ಔಷಧಿಯಂತೆ ತೂಗಿದರು. ಕಲಸುವಾಗ ಮಾತ್ರ ಕೈ ಚುರುಕಾಯಿತು. "ಹಿಟ್ಟು ನನಗೇನು ಹೊಸದಲ್ಲ" ಎಂದರು. ಮಾವ ಹೋದ ಮೇಲೆ ಜಂಬದ ಮಾತು ಆಡಿದ್ದು ಅದೇ ಮೊದಲು. ಹಿಟ್ಟು ಬಟ್ಟೆಯ ಕೆಳಗೆ ಉಬ್ಬಿತು. ಲಟ್ಟಿಸಿ, ಸಿಹಿ ಹರಡಿ, ಸುತ್ತಿ, ದಾರ ಕಟ್ಟಿ ಎಳೆದು ತುಂಡು ಮಾಡಿದರು. ಒಂದೂ ಜಜ್ಜಿಹೋಗಲಿಲ್ಲ, ಸುರುಳಿಗಳು ಅಚ್ಚುಕಟ್ಟಾಗಿ ಬಂದವು. ತಟ್ಟೆಯಲ್ಲಿ ಜೋಡಿಸಿ ಇನ್ನೊಮ್ಮೆ ಉಬ್ಬಲು ಬಿಡಿ ಎಂದು ವಿಡಿಯೊದ ಕೈಗಳು ಹೇಳಿದವು. ಬಿಟ್ಟರು. ಉಬ್ಬಿದವು.

ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಓವನ್ನಿಗೆ ಇಡುವ ಮೊದಲು ಇವರು ಬಗ್ಗಿ ನೋಡಿದರು. ಹಿಟ್ಟಿನ ಮೈಯಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಕಂಡವು. ಇವರ ಮುಖ ಗಂಭೀರವಾಯಿತು. ಒಂದೊಂದೇ ರೋಲನ್ನು ಹೆಬ್ಬೆರಳಿನಿಂದ ಸುತ್ತಲೂ ಒತ್ತಿ, ಒಳಗಿನ ಗಾಳಿಯನ್ನೆಲ್ಲ ಹೊರಗೆ ಹಾಕಿ, ತಟ್ಟೆಗೆ ಬಿಗಿದು ತುಂಬಿದರು.

"ಏನ್ರೀ ಮಾಡ್ತಿದ್ದೀರಿ?"

"ಗುಳ್ಳೆ ಉಳಿದ್ರೆ ಟೊಳ್ಳಾಗುತ್ತೆ."

ಅದು ಹಲ್ಲಲ್ಲ, ತಿಂಡಿ ಎಂದು ಹೇಳಲು ಬಾಯಿ ತೆರೆದೆ. ಯಾಕೋ ಹಾಗೇ ಮುಚ್ಚಿದೆ. ಬೆಂದ ಮೇಲೆ ಚಕ್ಕೆಯ ಘಮ ಮನೆಯೆಲ್ಲ ತುಂಬಿತು. ಸ್ವಿಚ್ಚು ಆರಿಸಿ ಇವರು ಓವನ್ನಿನ ಮುಂದೆ ಸ್ಟೂಲು ಹಾಕಿಕೊಂಡು ಕೂತರು. ಬಾಗಿಲು ತೆಗೆಯಲಿಲ್ಲ.

"ತೆಗೀಲಾ?" ಎಂದೆ.

"ಬೇಡ. ಬಿಸಿಯಲ್ಲಿ ತೆಗೆದ್ರೆ ಸೊಟ್ಟ ಆಗುತ್ತೆ. ಅಲ್ಲೇ ಆರಲಿ."

ಮಧ್ಯಾಹ್ನವಿಡೀ ಅದು ಅಲ್ಲೇ ಆರಿತು. ಆರಿತು ಎನ್ನುವುದಕ್ಕಿಂತ ಒಣಗಿತು ಎನ್ನಬೇಕು. ನಾನು ಕೋಣೆಯಲ್ಲಿ ಮಲಗಿ ಮಾಡಿನ ಕಡೆ ನೋಡುತ್ತಿದ್ದೆ. ಎದ್ದು ಹೋಗಿ ಬಾಗಿಲು ತೆಗೆಯಲು ಎಷ್ಟು ಹೊತ್ತು? ಕೈಕಾಲಿಗೆ ಆ ಮನಸ್ಸೇ ಬರಲಿಲ್ಲ. ಯಾರಿಗೆ ಬೇಕಾಗಿದೆ ಎನ್ನಿಸಿತು. ಆ ದಿನಗಳಲ್ಲಿ ನನಗೆ ಎಲ್ಲದಕ್ಕೂ ಅದೊಂದೇ ಮಾತು ಹೊಳೆಯುತ್ತಿತ್ತು.

ಸಂಜೆ ಹೊರಗೆ ತೆಗೆದಾಗ ರೋಲುಗಳು ನೋಡಲು ಚಿತ್ರದ ಹಾಗಿದ್ದವು. ಒಂದೂ ಸೊಟ್ಟಗಾಗಿರಲಿಲ್ಲ, ಅದನ್ನು ಒಪ್ಪಬೇಕು. ಬೆಣ್ಣೆ ಸಕ್ಕರೆಯ ಲೇಪವನ್ನು ಪ್ಲಾಸ್ಟರಿನ ಹದಕ್ಕೆ ಗಟ್ಟಿಯಾಗಿ ಕಲಸಿ, ಮೇಣ ಕೆತ್ತುವ ಚಾಕುವಿನಿಂದ (ಬಿಸಿನೀರಿನಲ್ಲಿ ತೊಳೆಸಿದ್ದೆ) ಮೇಲೆ ಸವರಿದರು. ಗೋಡೆಗೆ ಸುಣ್ಣ ಬಳಿದಷ್ಟು ನುಣುಪು. ಎಲ್ಲಕ್ಕಿಂತ ಚೆಂದದ್ದನ್ನು ಆರಿಸಿ ತಟ್ಟೆಯಲ್ಲಿಟ್ಟು ಅತ್ತೆಯ ಬಳಿ ಒಯ್ದರು. ನಾನು ಬಾಗಿಲಲ್ಲಿ ನಿಂತೆ.

ಅತ್ತೆ ಬೇಡವೆನ್ನಲಿಲ್ಲ. ಮಗನಿಗೆ ಬೆನ್ನು ಮಾಡಿ, ಶಾಲಿನ ಮರೆಯಲ್ಲಿ ರೋಲಿನ ಅಂಚನ್ನು ಬಾಯಿಗಿಟ್ಟು ಒಸಡಿನಿಂದ ಒತ್ತಿದರು. ಇನ್ನೊಮ್ಮೆ ಒತ್ತಿದರು. ತಲೆ ಅಲುಗಾಡುವುದು ಹಿಂದಿನಿಂದ ಕಾಣುತ್ತಿತ್ತು. ಆಮೇಲೆ ಅದನ್ನು ಮೆಲ್ಲಗೆ ತಟ್ಟೆಯಲ್ಲಿಟ್ಟು, ತಟ್ಟೆಯನ್ನು ಮಗನ ಕಡೆ ಸರಿಸಿದರು. ರೋಲಿನ ಅಂಚು ಒದ್ದೆಯಾಗಿತ್ತು, ಮುರಿದಿರಲಿಲ್ಲ.

ಇವರು ಆ ತಟ್ಟೆಯನ್ನು ಅಡುಗೆಮನೆಯ ಮೇಜಿಗೆ ತಂದಿಟ್ಟು ಇನ್ನೊಂದನ್ನು ತೆಗೆದುಕೊಂಡು ಕಚ್ಚಿದರು. ಕಟ್ಟೆಂದು ಸದ್ದಾಯಿತು. ನಾನೊಂದು ಕಚ್ಚಿದೆ. ನನ್ನ ಹಲ್ಲುಗಳು ಹುಟ್ಟಿನಿಂದ ಬಂದವು, ಗಟ್ಟಿಯಿವೆ, ಆದರೂ ಬಾಗಿಲಿನ ಚೌಕಟ್ಟು ಕಚ್ಚಿದಂತಾಯಿತು.

"ಆ ವಿಡಿಯೊದವಳು ಹಲ್ಲೇ ಬೇಡ ಅಂದಿದ್ಳು" ಎಂದರು ಇವರು. ಕಚ್ಚಿದ ರೋಲನ್ನು ಕೆಳಗಿಟ್ಟು, "ಇದೂ ಹೋಯ್ತು" ಎಂದರು. ಅಮ್ಮನ ತಟ್ಟೆಯನ್ನು ಮೇಜಿನ ಮೇಲೆ ಹಾಗೆಯೇ ಬಿಟ್ಟು ಮಲಗಲು ಹೋದರು. ಅದನ್ನು ಎತ್ತಿ ಮುಚ್ಚಿಡಲು ನನಗೂ ಆಗಲಿಲ್ಲ.

ಬೆಳಿಗ್ಗೆ ನಾನು ಒಲೆ ಹಚ್ಚುತ್ತಿದ್ದೆ. ಇವರು ಎಂದಿನಂತೆ ಕಣ್ಣುಜ್ಜಿಕೊಳ್ಳುತ್ತ ಹಿಂದಿನ ಕೋಣೆಗೆ ಹೋದರು. ಹೋದವರು ಲೋಟ ಹಿಡಿದುಕೊಂಡು ನೇರ ನನ್ನ ಹತ್ತಿರ ಬಂದರು. ಗುಟ್ಟು ಮುಚ್ಚಿಡಬೇಕೆನ್ನುವುದೂ ನೆನಪಿರಲಿಲ್ಲ.

"ನೀರು ಯಾಕೆ ಹೀಗಿದೆ?"

ಲೋಟದ ನೀರು ಹಾಲು ಬೆರೆಸಿದಂತೆ ಬೆಳ್ಳಗಿತ್ತು. ಒಳಗೆ ಮಾವನ ಹಲ್ಲು. ಎದುರಿನ ಸಂದಿಯಲ್ಲಿ ಬಿಳಿ ಲೇಪ ಮೆತ್ತಿಕೊಂಡಿತ್ತು.

"ನಾನು ಮುಟ್ಟಿಲ್ಲ" ಎಂದೆ.

ಇಬ್ಬರೂ ಒಟ್ಟಿಗೇ ಮೇಜಿನ ಕಡೆ ತಿರುಗಿದೆವು. ತಟ್ಟೆಯಲ್ಲಿ ನಿನ್ನೆಯ ರೋಲು ಇತ್ತು. ಪೂರ್ತಿ ಇರಲಿಲ್ಲ. ಒಂದು ಬದಿಯಿಂದ ಕಾಲುಭಾಗ ಇಲ್ಲವಾಗಿತ್ತು. ಇವರು ತಟ್ಟೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ಒಯ್ದು, ಮೇಣದ ತುಂಡು ನೋಡುವಂತೆಯೇ ತಿರುಗಿಸಿ ನೋಡಿದರು. ಕಚ್ಚಿದ ಅಂಚಿನಲ್ಲಿ ಸಣ್ಣ, ಒತ್ತಾದ, ಸಂದಿಯಿಲ್ಲದ ಹಲ್ಲುಗಳ ಗುರುತು ಸಾಲಾಗಿ ಮೂಡಿತ್ತು.

"ಅಮ್ಮಂದು" ಎಂದರು. "ಅಮ್ಮ ಹಾಕ್ಕೊಂಡಿದ್ದಾರೆ ಕಣೇ. ಕಚ್ಚಿದ್ದಾರೆ. ಎಡಗಡೆ ಎಳೆದು ಮುರಿದಿದ್ದಾರೆ ನೋಡು."

ಆಮೇಲೆ ತಟ್ಟೆಯನ್ನು ಇನ್ನಷ್ಟು ತಿರುಗಿಸಿದರು. ರೋಲಿನ ಆಚೆ ಬದಿಯಲ್ಲಿ ಬಿಳಿ ಲೇಪದ ಮೇಲೆ ಇನ್ನೊಂದು ಗುರುತು ಇತ್ತು. ಅಗಲವಾದ ಕಮಾನು. ನಡುವೆ, ಎರಡು ಹಲ್ಲುಗಳ ಮಧ್ಯೆ, ಕಾಳುಮೆಣಸು ಹಿಡಿಸುವಷ್ಟು ಜಾಗದಲ್ಲಿ ಲೇಪ ಹಾಗೆಯೇ ಎದ್ದು ನಿಂತಿತ್ತು. ರೋಲು ಅಲ್ಲಿ ಒಂದು ಚೂರೂ ಕಡಿಮೆಯಾಗಿರಲಿಲ್ಲ.

ಇವರು ಬಹಳ ಹೊತ್ತು ನೋಡಿದರು. "ಇದು ಕಚ್ಚಿದ್ದಲ್ಲ" ಎಂದರು. "ಕೈಯಲ್ಲಿ ಹಿಡಿದು ಒತ್ತಿದ್ದು."

ಅಷ್ಟರಲ್ಲಿ ಅತ್ತೆ ಬಾಗಿಲಿಗೆ ಬಂದು ನಿಂತಿದ್ದರು. ಶಾಲು ಹೆಗಲ ಮೇಲಿತ್ತು, ಬಾಯ ಮೇಲಿರಲಿಲ್ಲ. ಕೆನ್ನೆ ತುಂಬಿಕೊಂಡಿತ್ತು. ನನ್ನ ಅತ್ತೆಯ ಮುಖ ಹೀಗಿರುತ್ತದೆ ಎಂಬುದನ್ನೇ ನಾನು ಮರೆತಿದ್ದೆ.

"ಹಲ್ಲು ಬೇಡ ಅಂದೆಯಲ್ಲ" ಎಂದು ಮಗನನ್ನು ನೋಡಿ ಹೇಳಿದರು. ಮಾತಿನ ಜೊತೆ ಕೆಳಗಿನ ಸೆಟ್ಟು ಕಟಕಟ ಎನ್ನುತ್ತಿತ್ತು. "ಕಲ್ಲು ಮಾಡಿಟ್ಟಿದ್ದೀಯ. ಇದಕ್ಕೆ ಹಲ್ಲು ಬೇಡ್ವಂತೆ. ಹಾಕ್ಕೊಳ್ದೆ ಒಂದು ಚೂರೂ ಮುರೀಲಿಲ್ಲ."

ಇವರು ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಲೋಟ ಹಿಡಿದುಕೊಂಡು ನಿಂತಿದ್ದರು. ಅತ್ತೆ ಲೋಟದ ಕಡೆ ನೋಡಿದರು. ದಿನಾ ಯಾರು ನೀರು ಬದಲಾಯಿಸುತ್ತಾರೆಂದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತೆಂದು ಆ ನೋಟದಲ್ಲೇ ನನಗೆ ತಿಳಿಯಿತು.

"ಅವರಿಗೂ ಸ್ವಲ್ಪ ಗಟ್ಟಿ ಆಯ್ತಂತೆ" ಎಂದರು.

ನನಗೆ ನಗು ಬಂತು. ನಗು ಎಂದುಕೊಂಡೇ ಬಾಯಿ ತೆರೆದೆ, ಬಂದದ್ದು ಅಳು. ಇವರಂತೂ ತಟ್ಟೆ, ಲೋಟ ಎರಡನ್ನೂ ಮೇಜಿನ ಮೇಲಿಟ್ಟು, ಚಿಕ್ಕ ಮಕ್ಕಳಂತೆ ಅಂಗೈಯನ್ನು ಕಣ್ಣಿಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಅಂಗಿಯ ಜೇಬು ಖಾಲಿಯಿತ್ತು, ಆದರೂ ಒಂದು ಕೈ ಆಗಾಗ ಅಲ್ಲಿಗೆ ಹೋಗುತ್ತಿತ್ತು. ಅತ್ತೆ ಅಳಲಿಲ್ಲ. ಅಡ್ಡ ಬಂದು ಸಮಾಧಾನವನ್ನೂ ಹೇಳಲಿಲ್ಲ. ಒಲೆಯ ಮೇಲೆ ಉಕ್ಕುತ್ತಿದ್ದ ಹಾಲಿನ ಉರಿ ತಗ್ಗಿಸಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತರು.

ಅಳು ನಿಂತ ಮೇಲೆ ಇವರು ಮುಖ ತೊಳೆದರು. ಸೋಪು ಹಾಕಿ ಕೈ ತೊಳೆದರು, ಬೆರಳುಗಳ ಸಂದಿಯನ್ನೆಲ್ಲ ಬಿಡದೆ. ಟವೆಲಿನಲ್ಲಿ ಒರೆಸಿಕೊಂಡು ಅತ್ತೆಯ ಮುಂದೆ ಮಂಡಿಯೂರಿ ಕೂತರು.

"ಕೆಳಗಿನದು ಕುಣೀತಿದೆ" ಎಂದರು. "ಇಷ್ಟು ದಿನ ಹಾಕ್ಕೊಂಡಿಲ್ವಲ್ಲ, ಒಸಡು ಸವೆದಿರುತ್ತೆ. ಸರಿ ಮಾಡಿಕೊಡ್ತೀನಿ. ಬಾಯಿ ತೆಗಿಯಮ್ಮ."

ಅತ್ತೆ ಮುಖವನ್ನು ಬೆಳಕಿನ ಕಡೆ ತಿರುಗಿಸಿ ಬಾಯಿ ತೆರೆದರು.